ಕಪ್ಪು ಶಾಯಿಯಲ್ಲಿ ಕಪ್ಪೆಷ್ಟು?

ನಮ್ಮ ಊರುಗಳಲ್ಲಿ ಇಂಕು ಕೊಳ್ಳುವುದು ದೊಡ್ಡ ವಿಷಯವೇ ಆಗಿರಲಿಲ್ಲ. ಅಂಗಡಿಗೆ ಹೋಗಿ ಬಾಟಲಿ ಕೇಳಿದರೆ ಬರುತ್ತಿದ್ದ ಪ್ರಶ್ನೆ ಒಂದೇ: "ನೀಲಿ ಕೊಡ್ಲಾ, ಕಪ್ಪು ಕೊಡ್ಲಾ?" ಮೇಷ್ಟರಿಗೆ ಕೆಂಪು, ಗೆಜೆಟೆಡ್ ಅಧಿಕಾರಿಗಳಿಗೆ ಹಸಿರು, ಉಳಿದ ಪ್ರಜೆಗಳಿಗೆಲ್ಲ ನೀಲಿ ಅಥವಾ ಕಪ್ಪು. ಅಲ್ಲಿಗೆ ಮಸಿಶಾಸ್ತ್ರ ಸಂಪೂರ್ಣಂ! ಆದರೆ ಇಲ್ಲಿ ಜರ್ಮನಿಯಲ್ಲಿ ಪೆನ್ನುಗಳ ಒಳ್ಳೆಯ ಅಂಗಡಿಯೊಂದನ್ನು ಹೊಕ್ಕು "ಕಪ್ಪು ಇಂಕು ಬೇಕಿತ್ತು" ಎಂದು ಕೇಳಿ ನೋಡಿ. ಕೌಂಟರಿನ ಹಿಂದಿರುವವರು ಕನ್ನಡಕ ಸರಿಪಡಿಸಿಕೊಂಡು "ಯಾವ ಕಪ್ಪು?" ಎನ್ನುತ್ತಾರೆ. ಶೆಲ್ಫಿನ ಮೇಲೆ ಜರ್ಮನಿ, ಇಟಲಿ, ಇಂಗ್ಲೆಂಡ್, ಜಪಾನ್, ಅಮೆರಿಕಗಳಿಂದ ಬಂದ ಕಪ್ಪು ಶೀಶೆಗಳು ಸಾಲಾಗಿ ಕುಳಿತಿರುತ್ತವೆ. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ಅಜಗಜಾಂತರ.

ಕಪ್ಪಿನಲ್ಲೂ ಇಷ್ಟೊಂದು ಬಗೆಯೇ? ಅಥವಾ ಇದೆಲ್ಲ ಬರೀ ವ್ಯಾಪಾರದ ಚಮತ್ಕಾರವೇ? ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇದರದ್ದೇ ಪರೀಕ್ಷೆ ನಡೆಯಿತು. ಪರೀಕ್ಷಕರು ನಾನು ಮತ್ತು ನಾಲ್ಕನೇ ತರಗತಿಯ ನನ್ನ ಮಗಳು. ಸಲಕರಣೆಗಳೆಂದರೆ ಒಂಬತ್ತು ಶೀಶೆ ಇಂಕು, ಕಾಫಿ ಫಿಲ್ಟರ್ ಕಾಗದ, ಒಂದು ಬಟ್ಟಲು ನೀರು ಮತ್ತು ಮನೆಯವಳ ಅಪಾರ ತಾಳ್ಮೆ. ಆ ಪರೀಕ್ಷೆಯ ಫಲಿತಾಂಶವನ್ನು ನಮ್ಮ ಸಂಘದ ಓದುಗರ ಮುಂದೆ ಇಡುತ್ತಿದ್ದೇನೆ. ಇಂಕು ಪೆನ್ನು ಹಿಡಿದು ವರ್ಷಗಳೇ ಆದವರೂ ದಯವಿಟ್ಟು ಪುಟ ತಿರುಗಿಸಬೇಡಿ. ವಿಷಯ ಪೆನ್ನಿನದ್ದು ಮಾತ್ರವಲ್ಲ, ಬರೆದದ್ದು ಉಳಿಯುತ್ತದೆಯೇ ಎನ್ನುವುದರದ್ದು.

ಮಕ್ಕಳ ನೀಲಿ, ದೊಡ್ಡವರ ಕಪ್ಪು

ಊರಿಂದ ಬಂದ ಅಜ್ಜ-ಅಜ್ಜಿಯರಿಗೆ ಇಲ್ಲಿ ಅಚ್ಚರಿ ತರುವ ಸಂಗತಿಗಳಲ್ಲಿ ಮೊಮ್ಮಕ್ಕಳ ಶಾಲಾ ಚೀಲವೂ ಒಂದು. ಅದರೊಳಗೆ ಇಂಕು ಪೆನ್ನು! ನಮ್ಮಲ್ಲಿ ಬಾಲ್ ಪೆನ್ನು ಬಂದು ಇಂಕು ಪೆನ್ನನ್ನು ಎಂದೋ ಮೂಲೆಗೆ ಸೇರಿಸಿತು. ಜರ್ಮನಿಯಲ್ಲಿ ಮಾತ್ರ ಇಂದಿಗೂ ಹಲವು ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಪೆನ್ಸಿಲಿನಿಂದ ನೇರವಾಗಿ 'ಫ್ಯೂಲರ್'ಗೆ, ಅಂದರೆ ಇಂಕು ಪೆನ್ನಿಗೆ ಬಡ್ತಿ ಪಡೆಯುತ್ತಾರೆ. ಪೆಲಿಕಾನ್ ಕಂಪನಿಯ ಶಾಲಾ ಪೆನ್ನು ಪೆಲಿಕಾನೋ 1960ರಲ್ಲಿ ಬಂತು. ಹೈಡೆಲ್‌ಬರ್ಗಿನ ಲಾಮಿ ಕಂಪನಿಯ ಸಫಾರಿ ಪೆನ್ನು 1980ರಲ್ಲಿ ಬಂತು. ಆ ಲಾಮಿ ಕಂಪನಿಯೇ 2024ರಲ್ಲಿ ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿಯ ಪಾಲಾಯಿತು ಎನ್ನುವುದು ಬೇರೆ ಮಾತು.

ಶಾಲೆಯ ಪೆನ್ನಿಗೆ ಹಾಕುವುದು 'ರಾಯಲ್ ಬ್ಲೂ' ಎಂಬ ನೀಲಿ. ತಪ್ಪು ಬರೆದರೆ ಅಳಿಸಲು ಬಿಳಿ ತುದಿಯ ಒಂದು ಪೆನ್ನು ಇದೆ, ಅದನ್ನು ಸವರಿದರೆ ನೀಲಿ ಮಾಯ. ನಿಜವಾಗಿ ನೀಲಿ ಕಾಗದವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆ ಬಣ್ಣದ ಅಣುವಿನ ರಚನೆ ಬದಲಾಗಿ ಅದು ಬಣ್ಣ ಕಳೆದುಕೊಳ್ಳುತ್ತದೆ, ಅಷ್ಟೆ. ಅದೇ ಬಿಳಿ ತುದಿಯನ್ನು ಕಪ್ಪು ಅಕ್ಷರದ ಮೇಲೆ ಉಜ್ಜಿ ನೋಡಿದ ಮಗಳು ಕೇಳಿದಳು: "ಅಪ್ಪಾ, ಕಪ್ಪು ಯಾಕೆ ಹೋಗಲ್ಲ?"

"ಆ ಮದ್ದು ಆ ನೀಲಿಗೆ ಮಾತ್ರ ಪುಟ್ಟೀ, ಕಪ್ಪಿಗೆ ತಾಗಲ್ಲ."

"ಹಾಗಾದ್ರೆ ಕಪ್ಪು ಯಾವತ್ತೂ ಹೋಗಲ್ವಾ?"

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ 'ಯಾವ ಕಪ್ಪು' ಎನ್ನುವುದನ್ನು ಅವಲಂಬಿಸಿದೆ. ಹೊರನೋಟಕ್ಕೆ ಒಂದೇ ಥರ ಕಾಣುವ ಕಪ್ಪು ಇಂಕುಗಳಲ್ಲಿ ಮುಖ್ಯವಾಗಿ ಮೂರು ಕುಲಗಳಿವೆ.

ಮೊದಲನೆಯದು: ಕಾಡಿಗೆಯ ಕಪ್ಪು

ಇದು ಎಲ್ಲಕ್ಕಿಂತ ಹಳೆಯದು, ನಮಗೆ ಎಲ್ಲಕ್ಕಿಂತ ಪರಿಚಿತವಾದದ್ದೂ ಹೌದು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಹಿಡಿದು, ಕಟ್ಟಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿದರೆ ಮಗುವಿನ ಕಣ್ಣಿಗೆ ಹಚ್ಚುತ್ತಿದ್ದ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು. ಅದೇ ಮಸಿಯನ್ನು ಗೋಂದಿನ ನೀರಿನಲ್ಲಿ ಅರೆದರೆ ಬರೆಯುವ ಶಾಯಿ. ನಾವು ಶಾಯಿಗೆ 'ಮಸಿ' ಎನ್ನುವುದೇ ಅದಕ್ಕಾಗಿ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಆಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರುಗಳಲ್ಲಿ ಮಸಿ ಉಳಿದು ಅಕ್ಷರ ಎದ್ದು ಕಾಣುತ್ತಿತ್ತು. ನಮ್ಮ ವರ್ತಕರ, ಮಠಗಳ ಲೆಕ್ಕಪತ್ರಗಳ 'ಕಡತ'ದಲ್ಲಿ ಇದು ತಿರುವುಮುರುವು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಸಿ, ಅದರ ಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಇಂದು ಸರ್ಕಾರಿ ಕಚೇರಿಯ ಫೈಲಿಗೂ ಕಡತ ಎನ್ನುತ್ತೇವೆ, ಆ ಪದ ಅಲ್ಲಿಂದ ಬಂದದ್ದು.

ಈ ಮಸಿ ಎಂದರೆ ಇಂಗಾಲ. ಬಿಸಿಲಿಗೆ ಮಾಸುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ, ಗಾಳಿಗೆ ಬದಲಾಗುವುದಿಲ್ಲ. ಕಾಗದ ಉಳಿಯುವಷ್ಟು ಕಾಲ ಅಕ್ಷರವೂ ಉಳಿಯುತ್ತದೆ. ಆದರೆ ಕರಗದೇ ಇರುವುದೇ ಅದರ ದೋಷ ಕೂಡ. ಇದು ನೀರಿನಲ್ಲಿ ತೇಲುವ ಪುಡಿ. ಸುಮ್ಮನೆ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಅದ್ದಿ ಬರೆಯುವ ಲೆಕ್ಕಣಿಕೆಗೆ ತೊಂದರೆಯಿಲ್ಲ, ಫೌಂಟನ್ ಪೆನ್ನಿನ ಕೂದಲೆಳೆಯಂಥ ದಾರಿಯಲ್ಲಿ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರಿಕೆ. ಚಿತ್ರ ಬರೆಯುವವರ ಅಂಗಡಿಯಲ್ಲಿ 'ಇಂಡಿಯನ್ ಇಂಕ್' ಎಂಬ ಶೀಶೆ ಕಾಣುತ್ತದೆ. ಜರ್ಮನ್ನರು ಅದನ್ನು 'ಟುಷೆ' ಎನ್ನುತ್ತಾರೆ, ಫ್ರೆಂಚರು 'ಚೀನಾದ ಮಸಿ' ಎನ್ನುತ್ತಾರೆ. ಹೆಸರಿನಲ್ಲಿ ಇಂಡಿಯಾ ಇದೆಯೆಂದು ದೇಶಾಭಿಮಾನದಿಂದ ಕೊಂಡು ಪೆನ್ನಿಗೆ ತುಂಬಬೇಡಿ! ಅದರಲ್ಲಿ ಸಾಮಾನ್ಯವಾಗಿ ಅರಗು ಸೇರಿರುತ್ತದೆ, ಒಣಗಿದರೆ ಪೆನ್ನು ಕಲ್ಲಾಗುತ್ತದೆ.

ಎರಡನೆಯದು: ಕಾಯಿ-ಕಬ್ಬಿಣದ ಕಪ್ಪು

ಓಕ್ ಮರದಲ್ಲಿ ಒಂದು ಜಾತಿಯ ಕಣಜದ ಹುಳ ಮೊಟ್ಟೆಯಿಟ್ಟರೆ ಅಲ್ಲಿ ಗಂಟಿನಂಥ ಕಾಯಿ ಬೆಳೆಯುತ್ತದೆ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಮಾಚಿಕಾಯಿ ಎಂದು ಮಾರುವುದು ಇದನ್ನೇ. ಇದರ ಒಗರು ರಸಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಮತ್ತು ಜಾಲಿಯ ಗೋಂದು ಬೆರೆಸಿದರೆ ಶಾಯಿ ಸಿದ್ಧ. ಯುರೋಪಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಕಾಗದಪತ್ರಗಳೆಲ್ಲ ಇದರಲ್ಲೇ ನಡೆದವು. ಬರೆದಾಗ ತೆಳುವಾಗಿ ಕಾಣುವ ಅಕ್ಷರ ಗಾಳಿ ತಾಗುತ್ತ ಹೋದಂತೆ ಕಪ್ಪಾಗುತ್ತದೆ. ಬರೆಯುವಾಗಲೇ ಕಣ್ಣಿಗೆ ಕಾಣಲೆಂದು ನೀಲಿ ಬಣ್ಣ ಬೆರೆಸಿದರು. ನಮಗೆ ಗೊತ್ತಿರುವ 'ಬ್ಲೂ-ಬ್ಲ್ಯಾಕ್' ಹುಟ್ಟಿದ್ದು ಹೀಗೆ.

ಇದು ಕಾಗದದ ನಾರಿನೊಳಗೇ ಕೂರುತ್ತದೆ. ನೀರು ಬಿದ್ದರೂ ಅಕ್ಷರ ಓದಲು ಸಿಗುತ್ತದೆ. ಆದ್ದರಿಂದ ಸರ್ಕಾರಗಳಿಗೆ ಇದರ ಮೇಲೆ ನಂಬಿಕೆ. ಪ್ರಷ್ಯ ಸರ್ಕಾರ 1888ರಲ್ಲಿ ಕಚೇರಿ ಶಾಯಿ ಹೇಗಿರಬೇಕೆಂದು ನಿಯಮವನ್ನೇ ಮಾಡಿತು. ಇಂಗ್ಲೆಂಡಿನಲ್ಲಿ ಮದುವೆ ರಿಜಿಸ್ಟರಿಗೆ 'ರಿಜಿಸ್ಟ್ರಾರ್ಸ್ ಇಂಕ್' ಎಂಬ ಇದೇ ಕುಲದ ಶಾಯಿಯನ್ನು ಬಳಸುತ್ತಿದ್ದರು. 2021ರ ಮೇ ತಿಂಗಳಲ್ಲಿ ಅಲ್ಲಿ ಮದುವೆಯ ನೋಂದಣಿ ಕಂಪ್ಯೂಟರಿಗೆ ಹೋಯಿತು, ಶೀಶೆಯನ್ನು ಡೈಅಮೈನ್ ಕಂಪನಿ ಇನ್ನೂ ಮಾರುತ್ತಿದೆ.

ಆದರೆ ಇದರಲ್ಲಿ ಆಮ್ಲವಿದೆ. ಹಳೆಯ ಕಾಲದಲ್ಲಿ ಅಳತೆ ಹೆಚ್ಚುಕಡಿಮೆಯಾಗಿ ಶಾಯಿಯೇ ಕಾಗದವನ್ನು ತಿಂದುಹಾಕಿದ್ದುಂಟು. ಜರ್ಮನ್ನರು ಅದಕ್ಕೆ 'ಟಿಂಟನ್‌ಫ್ರಾಸ್' ಎನ್ನುತ್ತಾರೆ, ಮಸಿಯ ಮೇಯುವಿಕೆ ಎನ್ನಬಹುದು. ಬರ್ಲಿನ್ನಿನ ರಾಜ್ಯ ಗ್ರಂಥಾಲಯದಲ್ಲಿರುವ ಸಂಗೀತಗಾರ ಬಾಖ್‌ನ ಸ್ವಹಸ್ತ ಪ್ರತಿಗಳಿಗೂ ಇದೇ ಗತಿಯಾಗಿತ್ತು. ಸ್ವರಗಳ ಗುಂಡುಗಳಿದ್ದ ಜಾಗ ಪುಡಿಯಾಗಿ ಉದುರತೊಡಗಿತ್ತು. ಕಾಗದವನ್ನು ಎರಡು ಪದರವಾಗಿ ಸೀಳಿ, ನಡುವೆ ಗಟ್ಟಿ ಹಾಳೆಯಿಟ್ಟು ಮತ್ತೆ ಅಂಟಿಸಿ ಅವನ್ನು ಉಳಿಸಿಕೊಂಡರು. ಇಂದಿನ ಪೆನ್ನಿನ ಶಾಯಿಗಳು ಅಷ್ಟು ಉಗ್ರವಲ್ಲ.

ಮೂರನೆಯದು: ಬಣ್ಣದ ಕಪ್ಪು

ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ ಮೇಲೆ, ತಳದಲ್ಲಿ ಗಸಿ ಕೂರದೆ ಸರಾಗವಾಗಿ ಹರಿಯುವ ಶಾಯಿಗೆ ಬೆಲೆ ಬಂತು. ಅಷ್ಟರಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಕೃತಕ ಬಣ್ಣಗಳು ಬಂದಿದ್ದವು. ಲಂಡನ್ನಿನ ವಿಲಿಯಂ ಪರ್ಕಿನ್ 1856ರಲ್ಲಿ ನೇರಳೆ ಬಣ್ಣ ಮಾಡಿದ್ದೇ ಅದರ ಆರಂಭ. ಈ ಬಣ್ಣಗಳು ನೀರಿನಲ್ಲಿ ಸಕ್ಕರೆಯಂತೆ ಪೂರ್ತಿ ಕರಗುತ್ತವೆ. ಪೆನ್ನು ಕಟ್ಟುವುದಿಲ್ಲ, ತೊಳೆಯುವುದು ಸುಲಭ. ಪಾರ್ಕರ್ ಕಂಪನಿ 1931ರಲ್ಲಿ ತಂದ ಕ್ವಿಂಕ್ ಈ ಕುಲದ್ದು. ಅದೇ 1931ರಲ್ಲಿ ಮುಂಬಯಿಯಲ್ಲಿ ಕುದುರೆ ಛಾಪಿನ ಇಂಕುಪುಡಿಯೊಂದಿಗೆ ಶುರುವಾದ ಕ್ಯಾಮ್ಲಿನ್, 1934ರ ಸ್ವದೇಶಿ ಉತ್ಸಾಹದಲ್ಲಿ ಬಂಗಾಳದಲ್ಲಿ ಹುಟ್ಟಿ, ಮಧ್ಯೆ ಬಾಗಿಲು ಮುಚ್ಚಿ, 2020ರಲ್ಲಿ ಮತ್ತೆ ಶೀಶೆಗೆ ಬಂದ ಸುಲೇಖಾ, ಚೆನ್ನೈನ ಬ್ರಿಲ್, ಇವರೆಲ್ಲರ ದಿನಬಳಕೆಯ ಕಪ್ಪೂ ಇಂಥದ್ದೇ.

ದೋಷವೇನು? ನೀರಿನಲ್ಲಿ ಕರಗಿದ್ದು ಕಾಗದದ ಮೇಲೆ ಒಣಗಿದ ನಂತರವೂ ನೀರು ಬಿದ್ದರೆ ಮತ್ತೆ ಕರಗುತ್ತದೆ. ಬಿಸಿಲಿಗೆ ಬಣ್ಣದ ಅಣು ಮುರಿದು ಮಾಸುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ ಇವುಗಳಲ್ಲಿ ಬಹುಪಾಲು ಕಪ್ಪು ಕಪ್ಪೇ ಅಲ್ಲ! ನೀಲಿ, ಕೆಂಪು, ಹಳದಿಗಳನ್ನು ಬೆರೆಸಿ ಬೆಳಕನ್ನೆಲ್ಲ ನುಂಗುವಂತೆ ಮಾಡಿದ ಮಿಶ್ರಣ.

ಕಾಫಿ ಫಿಲ್ಟರಿನ ಪರೀಕ್ಷೆ

ಈ ಗುಟ್ಟು ರಟ್ಟು ಮಾಡಲು ಬೇಕಾದದ್ದು ಇಲ್ಲಿನ ಪ್ರತಿ ಮನೆಯಲ್ಲೂ ಇರುವ ಕಾಫಿ ಫಿಲ್ಟರ್ ಕಾಗದ. (ನಮ್ಮ ಹಿತ್ತಾಳೆ ಫಿಲ್ಟರಿನವರು ಪಕ್ಕದ ಮನೆಯಿಂದ ಒಂದು ಕೇಳಿ ತನ್ನಿ.) ಕಾಗದದ ಪಟ್ಟಿ ಕತ್ತರಿಸಿ, ಕೆಳತುದಿಯಿಂದ ಎರಡು ಬೆರಳು ಮೇಲೆ ಒಂದು ಚುಕ್ಕೆ ಇಂಕು ಹಾಕಿ, ಒಣಗಿದ ಮೇಲೆ ತುದಿಯನ್ನು ಮಾತ್ರ ನೀರಿಗೆ ಅದ್ದಿ ನಿಲ್ಲಿಸಿ. ನೀರು ಮೇಲೇರುತ್ತ ಬಣ್ಣಗಳನ್ನು ಹೊತ್ತೊಯ್ಯುತ್ತದೆ. ಹಗುರವಾಗಿ ಅಂಟಿದ್ದು ಮೇಲಕ್ಕೆ ಓಡುತ್ತದೆ, ಗಟ್ಟಿಯಾಗಿ ಅಂಟಿದ್ದು ಹಿಂದೆ ಉಳಿಯುತ್ತದೆ.

ಮಸಿಗೂ ಕಾಫಿಗೂ ಈ ದೇಶದಲ್ಲಿ ಹಳೆಯ ನಂಟು. ಕಾಗದದ ಮೇಲೆ ದ್ರವಗಳು ತಾವೇ ಹರಡಿ ಚಿತ್ರ ಬಿಡಿಸುವುದನ್ನು 1850ರ ದಶಕದಲ್ಲಿ ಪುಸ್ತಕವಾಗಿ ತಂದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್ಲೀಬ್ ಫರ್ಡಿನಾಂಡ್ ರುಂಗೆ. ಕವಿ ಗಯಟೆ ಕೊಟ್ಟ ಕಾಫಿ ಬೀಜದಿಂದ 1819ರಲ್ಲಿ ಕೆಫೀನನ್ನು ಬೇರ್ಪಡಿಸಿದವನೂ ಅವನೇ. 1840ರ ದಶಕದಲ್ಲಿ ಒಂದು ಬಗೆಯ ಕಪ್ಪು ಶಾಯಿಯನ್ನು ಕಂಡುಹಿಡಿದವನೂ ಅವನೇ. ಇನ್ನು 1908ರಲ್ಲಿ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್ ಕಾಫಿ ಸೋಸಲು ಮೊದಲು ಬಳಸಿದ್ದು ಏನನ್ನು ಗೊತ್ತೇ? ಮಗನ ಶಾಲಾ ನೋಟ್‌ಬುಕ್ಕಿನ ಒತ್ತುಕಾಗದವನ್ನು! ಅಂದರೆ ನಾವು ಫಿಲ್ಟರಿನ ಮೇಲೆ ಇಂಕು ಹಾಕಿದಾಗ ಕಾಗದ ತನ್ನ ತವರಿಗೆ ಮರಳಿದಂತಾಯಿತು.

ನಮ್ಮ ಪಟ್ಟಿಗಳಲ್ಲಿ ಕ್ವಿಂಕ್ ಕಪ್ಪು ಒಡೆದು ನೀಲಿ ಒಂದು ಕಡೆ, ಹಳದಿ-ಕಿತ್ತಳೆ ಇನ್ನೊಂದು ಕಡೆ ನಿಂತವು. ಮಗಳಿಗಂತೂ ಮ್ಯಾಜಿಕ್ ಶೋ. ಜಪಾನಿನ ಪ್ಲಾಟಿನಮ್ ಕಂಪನಿಯ ಕಾರ್ಬನ್ ಬ್ಲ್ಯಾಕ್ ಮಾತ್ರ ಹಾಕಿದ ಜಾಗದಿಂದ ಕದಲಲಿಲ್ಲ. ಒಡೆಯಲು ಅದರಲ್ಲಿ ಬೇರೆ ಬಣ್ಣವೇ ಇಲ್ಲ, ಬರೀ ಇಂಗಾಲ.

ನೀರು, ಬಿಸಿಲು, ಕಾಗದ

ನೀರಿನ ಪರೀಕ್ಷೆ ನನಗೆ ಆಟವಾಗಿರಲಿಲ್ಲ, ಅದಕ್ಕೊಂದು ಕಾರಣವಿದೆ. ನನ್ನ ಅಮ್ಮ ಮದುವೆಯಾಗಿ ಬಂದಂದಿನಿಂದ ಬರೆದಿಟ್ಟ ಅಡುಗೆಯ ನೋಟ್‌ಬುಕ್ಕೊಂದು ನಮ್ಮ ಊರಿನ ಮನೆಯಲ್ಲಿದೆ. ಮೊದಲರ್ಧ ಬ್ಲೂ-ಬ್ಲ್ಯಾಕಿನಲ್ಲಿ, ಉಳಿದರ್ಧ ಆಮೇಲೆ ತಂದ ಕಪ್ಪು ಇಂಕಿನಲ್ಲಿ. ಒಂದು ಮಳೆಗಾಲ ಹೆಂಚು ಸರಿದು ಕಪಾಟಿಗೆ ನೀರಿಳಿಯಿತು. ಮೊದಲರ್ಧದ ಬಿಸಿಬೇಳೆಭಾತು, ಗೊಜ್ಜವಲಕ್ಕಿಗಳು ಮಸುಕಾದರೂ ಓದಬಹುದು. ಕಪ್ಪಿನಲ್ಲಿ ಬರೆದ ಉಪ್ಪಿನಕಾಯಿಗಳ ಪುಟಗಳಲ್ಲಿ ಈಗಿರುವುದು ಬೂದು ಮೋಡಗಳು. ನಡುವೆ ಅಲ್ಲೊಂದು 'ಸಾಸಿವೆ', ಇಲ್ಲೊಂದು 'ಪಾವು'. ಬರೆದ ದಿನ ನೋಡಿದ್ದರೆ ಎರಡರಲ್ಲಿ ಕಪ್ಪೇ ಹೆಚ್ಚು ಗಟ್ಟಿ ಎಂದು ಯಾರಾದರೂ ಹೇಳುತ್ತಿದ್ದರು. ಕಡುಕಪ್ಪಾಗಿ ಕಾಣುವುದಕ್ಕೂ ಉಳಿಯುವುದಕ್ಕೂ ಸಂಬಂಧವಿಲ್ಲ.

ಬಟ್ಟಲಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿದಾಗ ನಮಗೂ ಅದೇ ಕಂಡಿತು. ಬಣ್ಣದ ಕುಲದವು ನೀರಿಗೆ ಬಣ್ಣ ಬಿಟ್ಟವು, ಹಿಂದೆ ಬೂದಿಯೋ ನೀಲಿಯೋ ಆದ ನೆರಳು ಉಳಿಯಿತು. ಇಂಗಾಲದವು ಏನೂ ಆಗಿಲ್ಲವೆಂಬಂತೆ ಕುಳಿತಿದ್ದವು.

ಬಿಸಿಲಿಗೆಂದು ಅರ್ಧ ಮುಚ್ಚಿದ ಹಾಳೆಗಳನ್ನು ದಕ್ಷಿಣದ ಕಿಟಕಿಗೆ ಮೂರು ತಿಂಗಳು ಅಂಟಿಸಿದ್ದೆವು. ಜರ್ಮನಿಯ ಬಿಸಿಲು ನಮ್ಮ ಬಳ್ಳಾರಿ-ರಾಯಚೂರಿನ ಬಿಸಿಲಲ್ಲ, ಆದರೂ ಬಣ್ಣದ ಕಪ್ಪುಗಳು ಹೆಚ್ಚುಕಡಿಮೆ ಮಾಸಿದವು. ಇಂಗಾಲದ ಹಾಳೆಯಲ್ಲಿ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ.

ಕಾಗದದ ಪರೀಕ್ಷೆಯಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ಕಷ್ಟ ಎದುರಾಯಿತು. ಇಂಕು ಕಾಗದದ ನಾರಿನಲ್ಲಿ ಹರಡಿದರೆ ರೋಮನ್ ಅಕ್ಷರ ದಪ್ಪವಾಗುತ್ತದೆ, ಅಷ್ಟೆ. ನಮ್ಮ ಕೆಲವು ಅಕ್ಷರಗಳಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸ ಅಡಗಿರುವುದು ಕೆಳಗಿನ ಒಂದು ಸಣ್ಣ ಗೀಟಿನಲ್ಲಿ. ಅದು ಮುಚ್ಚಿಹೋದರೆ ಧನ ಹೋಗಿ ದನವಾಗುತ್ತದೆ! ಜತೆಗೆ ಒತ್ತಕ್ಷರಗಳು ಕೆಳಗೆ ಕಿಕ್ಕಿರಿದಿರುತ್ತವೆ. ಆದ್ದರಿಂದ ಅಗ್ಗದ ಕಾಪಿಯರ್ ಕಾಗದದ ಮೇಲೆ ಕನ್ನಡ ಬರೆಯುವವರು ಧಾರಾಳವಾಗಿ ಸುರಿಯುವ ಇಂಕಿಗಿಂತ ಸ್ವಲ್ಪ ಜಿಪುಣ ಇಂಕನ್ನೂ ಸಣ್ಣ ನಿಬ್ಬನ್ನೂ ಆರಿಸಿಕೊಳ್ಳುವುದು ಒಳ್ಳೆಯದು.

ಶೀಶೆಗಳ ಜಾತಕ

ಪೆಲಿಕಾನ್ 4001 ಬ್ರಿಲಿಯಂಟ್ ಬ್ಲ್ಯಾಕ್: ಇಲ್ಲಿನ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಕಡಿಮೆ. ಹರಿವು ಹಿಡಿತದಲ್ಲಿರುತ್ತದೆ, ಹೀಗಾಗಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ನೀರಿಗೆ ಬಿದ್ದರೆ ಬಹಳಷ್ಟು ಹೋಗುತ್ತದೆ, ಕಣ್ಣು ಕಿರಿದು ಮಾಡಿ ಓದಬಹುದಾದ ಬೂದು ಗೆರೆ ಉಳಿಯುತ್ತದೆ.

ಲಾಮಿ ಬ್ಲ್ಯಾಕ್: ಅಚ್ಚುಕಟ್ಟಾದ ದಿನಬಳಕೆಯ ಇಂಕು. 50 ಮಿಲಿಲೀಟರಿನ ಶೀಶೆಯ ಬುಡದಲ್ಲಿ ಒತ್ತುಕಾಗದದ ಸುರುಳಿ ಸುತ್ತಿರುತ್ತಾರೆ, ನಿಬ್ಬು ಒರೆಸಲು ಅನುಕೂಲ. ಕಡುಕಪ್ಪಲ್ಲ, ನೀರಿಗೆ ನಿಲ್ಲುವುದಿಲ್ಲ.

ಪಾರ್ಕರ್ ಕ್ವಿಂಕ್ ಬ್ಲ್ಯಾಕ್: ಬೇಗ ಒಣಗುತ್ತದೆ, ಹಳೆಯ ಪೆನ್ನುಗಳಿಗೂ ಹೊಂದುತ್ತದೆ. ತೊಳೆದರೆ ಒಳಗಿನ ನೀಲಿ ಬಯಲಾಗುತ್ತದೆ.

ಲೈಪ್‌ಜಿಗರ್ ಷ್ವಾರ್ಟ್ಸ್: ಲೈಪ್‌ಜಿಗ್ ನಗರದಲ್ಲಿ ಹುಟ್ಟಿದ ರೋಹ್ರರ್-ಕ್ಲಿಂಗ್ನರ್ ಕಂಪನಿಯದ್ದು. ಕಪ್ಪಿನ ಅಂಚಿನಲ್ಲಿ ಹಸಿರು-ನೀಲಿಯ ಛಾಯೆ. ಬರೀ ಕಪ್ಪು ಬೇಸರ ಎನ್ನುವವರಿಗೆ.

ಅರೋರ ಬ್ಲ್ಯಾಕ್: ಇಟಲಿಯ ಟ್ಯೂರಿನ್ನಿನದು. ಬಣ್ಣದ ಕುಲದಲ್ಲಿ ನಾವು ಕಂಡ ಅತಿ ಗಾಢ ಕಪ್ಪು, ಬೆಣ್ಣೆಯಂತೆ ಹರಿಯುತ್ತದೆ. ಒಳ್ಳೆಯ ಕಾಗದದ ಮೇಲೆ ನೋಡಲು ಇದೇ ಚೆಂದ.

ಪೈಲಟ್ ಕಂಪನಿಯ ಟಾಕೆ-ಸುಮಿ: ಜಪಾನಿ ಭಾಷೆಯಲ್ಲಿ ಬಿದಿರಿನ ಇದ್ದಿಲು ಎಂದರ್ಥ. ಹೆಸರಿನಲ್ಲಿ ಇದ್ದಿಲಿದ್ದರೂ ಒಳಗಿರುವುದು ಬಣ್ಣ. ಶೀಶೆ ಮಾತ್ರ ದೇವರ ಮನೆಯಲ್ಲಿಡುವಷ್ಟು ಸುಂದರ.

ಪ್ಲಾಟಿನಮ್ ಕಾರ್ಬನ್ ಬ್ಲ್ಯಾಕ್ ಮತ್ತು ಸೈಲರ್ ಕಂಪನಿಯ ಕಿವಾಗುರೋ: ಎರಡೂ ಜಪಾನಿನವು, ಎರಡೂ ಇಂಗಾಲದವು. ಕಣಗಳನ್ನು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣದಾಗಿಸಿ, ಒಂದಕ್ಕೊಂದು ಅಂಟದಂತೆ ಮಾಡಿರುವುದರಿಂದ ಪೆನ್ನಿನಲ್ಲಿ ಹರಿಯುತ್ತವೆ. ಕಾಡಿಗೆಯ ಹಳೆಯ ಸಮಸ್ಯೆಗೆ ಇದು ಹೊಸ ಕಾಲದ ಉತ್ತರ. ನೀರು, ಬಿಸಿಲು ಎರಡರಲ್ಲೂ ಪೂರ್ಣ ಅಂಕ.

ನೂಡ್ಲರ್ಸ್ ಬ್ಲ್ಯಾಕ್: ಅಮೆರಿಕದ್ದು. ಶೀಶೆಯನ್ನು ಕತ್ತಿನವರೆಗೂ ತುಂಬಿ ಕೊಡುತ್ತಾರೆ, ಮುಚ್ಚಳ ತೆಗೆಯುವಾಗ ಹುಷಾರು! ಇದು ಕಾಗದದ ಸೆಲ್ಯುಲೋಸಿನೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಆಮೇಲೆ ನೀರಿಗೆ ಜಗ್ಗುವುದಿಲ್ಲ. ಆದರೆ ನುಣುಪು ಲೇಪದ ಕಾಗದದ ಮೇಲೆ ನಾರು ಸಿಗದೆ ಬಹಳ ಹೊತ್ತು ಕೈಗೆ ಅಂಟುತ್ತದೆ. ಗ್ರೀಟಿಂಗ್ ಕಾರ್ಡಿಗೆ ಬೇಡ.

ಪೆನ್ನಿನ ಆರೋಗ್ಯ

ಗಟ್ಟಿ ಇಂಕಿಗೆ ಗಟ್ಟಿ ಶಿಸ್ತು ಬೇಕು. ಬಣ್ಣದ ಇಂಕು ಪೆನ್ನಿನಲ್ಲೇ ಒಣಗಿದರೂ ತಣ್ಣೀರಿನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಇಂಗಾಲದ ಇಂಕು ಒಣಗಿದರೆ ನಿಬ್ಬಿನ ಕೆಳಗಿರುವ ನಾಲಿಗೆಯಂಥ ಭಾಗದ ಸಂದುಗಳಲ್ಲಿ ಕೂತುಬಿಡುತ್ತದೆ. ಆದ್ದರಿಂದ ಅದನ್ನು ತುಂಬಿದ ಪೆನ್ನನ್ನು ಮುಚ್ಚಳ ಹಾಕಿಯೇ ಇಡಿ, ವಾರಕ್ಕೊಮ್ಮೆಯಾದರೂ ಬರೆಯಿರಿ, ತಿಂಗಳಿಗೊಮ್ಮೆ ತೊಳೆಯಿರಿ. ಊರಿಗೆ ಹೊರಡುವ ಮುನ್ನ ಖಾಲಿ ಮಾಡಿ ತೊಳೆದು ಹೋಗಿ. ಹಟಮಾರಿ ಕರೆಗೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು, ಬಿಸಿನೀರು ಬೇಡ. ಕಬ್ಬಿಣದ ಇಂಕಿಗೂ ಇದೇ ನಿಯಮ. ಅಪ್ಪನೋ ತಾತನೋ ಬಿಟ್ಟುಹೋದ ಹಳೆಯ ಪೆನ್ನಿಗೆ ಇವೆರಡನ್ನೂ ಹಾಕದಿರುವುದೇ ಮೇಲು. ಎರಡು ಕಂಪನಿಯ ಇಂಕುಗಳನ್ನು ಒಂದೇ ಶೀಶೆಯಲ್ಲಿ ಬೆರೆಸಲೇಬೇಡಿ, ಹಾಲಿಗೆ ಹುಳಿ ಹಿಂಡಿದಂತೆ ಒಡೆಯುವ ಅಪಾಯವುಂಟು.

ಹಾಗಾದರೆ ಯಾವುದು ಒಳ್ಳೆಯದು?

ಅಳಿಸಲಾಗದ ಮಸಿ ಎಂದರೆ ನಮಗೆ ಮೊದಲು ನೆನಪಾಗುವುದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯ ಶಾಯಿ 1962ರ ಮಹಾಚುನಾವಣೆಯಿಂದ ಮತದಾರರ ಬೆರಳೇರಿತು. ಅದರಲ್ಲಿರುವುದು ಬೆಳ್ಳಿಯ ಲವಣ, ಬೆಳಕು ತಾಗಿ ಚರ್ಮದ ಮೇಲೆ ಕಪ್ಪಾಗುತ್ತದೆ. ಅದೂ ಉಗುರು ಬೆಳೆದ ಹಾಗೆ ಹೋಗುತ್ತದೆ. ಐದು ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಅಷ್ಟು ಸಾಕು. ಪ್ರತಿ ಮಸಿಯೂ ಎಷ್ಟು ಕಾಲ ನಿಲ್ಲಬೇಕು ಎನ್ನುವುದು ಅದರ ಕೆಲಸದ ಮೇಲೆ ನಿಂತಿದೆ.

ಆದ್ದರಿಂದ ನಮ್ಮ ಮನೆಯ ತೀರ್ಮಾನ ಹೀಗಾಯಿತು. ತರಕಾರಿ ಪಟ್ಟಿ, ಆಫೀಸಿನ ಟಿಪ್ಪಣಿ, ಜರ್ಮನ್ ಪಾಠದ ಅಭ್ಯಾಸ, ಇವಕ್ಕೆಲ್ಲ ಪೆಲಿಕಾನೋ ಕ್ವಿಂಕೋ ಸಾಕು. ನಾಳೆ ಬೇಕಿಲ್ಲದ್ದಕ್ಕೆ ನೂರು ವರ್ಷದ ಮಸಿ ಯಾಕೆ? ಸಹಿ, ಅರ್ಜಿ, ಅಂಚೆಯ ವಿಳಾಸ, ಮನೆಯ ಲೆಕ್ಕಗಳಿಗೆ ಇಂಗಾಲದ್ದು ಅಥವಾ ಶೀಶೆಯ ಮೇಲೆ 'ಡೊಕುಮೆಂಟೆನ್‌ಎಖ್ಟ್' ಎಂದು, ಅಂದರೆ ದಾಖಲೆಗೆ ಯೋಗ್ಯ ಎಂದು ಬರೆದಿರುವುದು. ವಂಶವೃಕ್ಷ, ಹಾಡಿನ ಪುಸ್ತಕ, ಅಡುಗೆಯ ಪುಸ್ತಕ, ಮಕ್ಕಳಿಗೆ ಬರೆಯುವ ಕಾಗದ, ಇವಕ್ಕೆ ಇಂಗಾಲ ಬಿಟ್ಟು ಬೇರೆ ಮಾತಿಲ್ಲ.

ಕಪ್ಪು ಇಂಕಿನಲ್ಲಿ ಶುಭದ ಮಾತು ಬರೆಯಬಾರದೆಂದು ನಮ್ಮ ಹಿರಿಯರಲ್ಲಿ ಕೆಲವರು ಹೇಳುತ್ತಿದ್ದರು. ಅವರ ಮಾತನ್ನೂ ಉಳಿಸೋಣ, ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದರಾಯಿತು! ದೃಷ್ಟಿಬೊಟ್ಟಿಗೆ ಆಗುವ ಮಸಿ ಮಗುವಿಗೆ ಬರೆಯುವ ಕಾಗದಕ್ಕೆ ಆಗದೆ ಇರುತ್ತದೆಯೇ?

ಪರದೇಶದಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ. ಇಲ್ಲಿ ಬೆಳೆಯುವ ಮಕ್ಕಳು ನಾಳೆ ನಮ್ಮ ಕೈಬರಹದ ಕನ್ನಡವನ್ನು ನೋಡಿದರೆ ಅದು ಒಂದೆರಡು ನೋಟ್‌ಬುಕ್ಕುಗಳಲ್ಲಿ, ನಾಲ್ಕಾರು ಕಾಗದಗಳಲ್ಲಿ ಮಾತ್ರ. ಫೋನಿನಲ್ಲಿ ಕಳಿಸಿದ ಸಂದೇಶಗಳು ಫೋನಿನ ಜತೆಗೇ ಹೋಗುತ್ತವೆ. ಅಮ್ಮ ಈಗ ಪ್ರತಿ ಭಾನುವಾರ ಫೋನಿನಲ್ಲಿ ಒಂದೊಂದು ಉಪ್ಪಿನಕಾಯಿ ಹೇಳುತ್ತಿದ್ದಾರೆ. ಮಗಳು ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ, ಒತ್ತಕ್ಷರ ತಪ್ಪಿದರೆ ನಾನು ತಿದ್ದುತ್ತೇನೆ. ಶಾಲೆಯ ನೀಲಿ ಪೆನ್ನು ಆ ಹೊತ್ತಿಗೆ ಚೀಲದಲ್ಲೇ ಇರುತ್ತದೆ. ಇದುವರೆಗೆ ಮಾವಿನಕಾಯಿ ತೊಕ್ಕು, ನಿಂಬೆ, ಹೇರಳೆಕಾಯಿ ಮುಗಿದಿವೆ. ಮುಂದಿನ ವಾರ ಅಮಟೆಕಾಯಿ.

ಈ ದೀಪಾವಳಿಗೆ ನೀವೂ ಒಂದು ಶೀಶೆ ಒಳ್ಳೆಯ ಕಪ್ಪು ಮಸಿ ತಂದು, ಉಳಿಯಬೇಕಾದ ಒಂದು ಪುಟವನ್ನಾದರೂ ಬರೆದಿಡಿ. ಸಂಘದ ಎಲ್ಲ ಬಂಧುಗಳಿಗೂ ಹಬ್ಬದ ಶುಭಾಶಯಗಳು.